ಒಂದೇ ಸ್ವಿಚ್ಚಲ್ಲಿ ಚಿತ್ರ ಬರ್ತದೆ, ರೌಟರ್ ದಾಟಿದ್ರೆ ಟಿವಿ ಕಪ್ಪು: ಈ ಸಲದ ಪ್ರಶ್ನೆಗಳು

ಈ ಸಲ ಮಲ್ಟಿಕಾಸ್ಟ್ ಬಗ್ಗೆಯೇ ಐದು ಪ್ರಶ್ನೆ ಬಂದಿದೆ ಮಾರಾಯ್ರೆ. ಮಲ್ಟಿಕಾಸ್ಟ್ ಅಂದ್ರೆ ಒಂದೇ ಸ್ಟ್ರೀಮನ್ನು ಬೇಕು ಅಂದವರಿಗೆಲ್ಲ ಒಟ್ಟಿಗೆ ಕಳಿಸುದು. ಮದುವೆ ಸೀಸನ್ ಹತ್ರ ಬಂತಲ್ಲ, ಹಾಲ್‌ನವ್ರೆಲ್ಲ ಊಟದ ಕಡೆಗೂ ಟಿವಿ ಹಾಕ್ಲಿಕ್ಕೆ ಹೊರಟಿದ್ದಾರೆ ಅಂತ ಕಾಣ್ತದೆ. ಮೊದಲನೇ ಪ್ರಶ್ನೆಯಲ್ಲಿ ಒಟ್ಟಿಗೆ ಮೂರು ರೋಗ ಉಂಟು, ಹಾಗಾಗಿ ಅದಕ್ಕೆ ಉದ್ದಕ್ಕೆ ಬರ್ದಿದ್ದೇನೆ, ಉಳಿದದ್ದಕ್ಕೆ ಚಿಕ್ಕದಾಗಿ.

ಪ್ರಶ್ನೆ: ನಮ್ದು ಸಭಾಭವನ, ರಸ್ತೆ ಆಚೆ ಊಟದ ಹಾಲ್ ಮತ್ತೆ ರೂಮುಗಳು. ಸ್ಟೇಜಿನ ಕ್ಯಾಮರಾ ಎನ್‌ಕೋಡರಿಗೆ ಬಂದು ಅಲ್ಲಿಂದ 36 ಟಿವಿ ಬಾಕ್ಸಿಗೆ ಹೋಗ್ಬೇಕು, ಒಂದೊಂದು ಸ್ಟ್ರೀಮ್ 8 ಎಂಬಿಪಿಎಸ್. ಮೊದ್ಲು ಯೂನಿಕಾಸ್ಟ್ (ಒಂದೊಂದು ಟಿವಿಗೂ ಬೇರೆ ಕಾಪಿ) ಇತ್ತು, ರಸ್ತೆ ದಾಟುವ ರೇಡಿಯೋ ಲಿಂಕಿಗೆ ತಡೀತಿರ್ಲಿಲ್ಲ. ಈಗ ಫೈಬರ್ ಎಳ್ಸಿ ಮಲ್ಟಿಕಾಸ್ಟ್ ಮಾಡಿದ್ದೇವೆ, ರೇಡಿಯೋ ಬ್ಯಾಕಪ್ಪಿಗೆ ಹಾಗೇ ಉಂಟು. ಎರಡೂ ಕಡೆ ಸಿಸ್ಕೋ ರೌಟರ್, ನಡುವೆ ಓಎಸ್‌ಪಿಎಫ್ (ರೌಟರ್‌ಗಳು ತಾವೇ ದಾರಿ ಹೇಳಿಕೊಳ್ಳುವ ಪ್ರೋಟೋಕಾಲ್), ಮೊದ್ಲಿನವರು ಹಾಕಿದ ಸ್ಟ್ಯಾಟಿಕ್ ರೂಟ್ (ಕೈಯಲ್ಲಿ ಬರ್ದಿಟ್ಟ ದಾರಿ) ಕೂಡ ಇನ್ನೂ ತೆಗ್ದಿಲ್ಲ. ಪಿಮ್ (ಮಲ್ಟಿಕಾಸ್ಟಿಗೆ ದಾರಿ ಮಾಡುವ ಪ್ರೋಟೋಕಾಲ್) ಫೈಬರ್ ಪೋರ್ಟಿಗೆ ಮಾತ್ರ ಹಾಕಿದ್ದು. ಎನ್‌ಕೋಡರ್ 239.0.0.5 ವಿಳಾಸಕ್ಕೆ ಕಳಿಸ್ತದೆ. ಸ್ಟೇಜ್ ಬದಿ ಸ್ವಿಚ್ಚಲ್ಲಿ ಚಿತ್ರ ಚೆಂದ ಬರ್ತದೆ, ರಸ್ತೆ ಆಚೆ ಏನೂ ಇಲ್ಲ. ಆಚೆ ರೌಟರಲ್ಲಿ 'ಇನ್‌ಕಮಿಂಗ್ ಇಂಟರ್‌ಫೇಸ್ ನಲ್' ಅಂತ ತೋರಿಸ್ತದೆ. ಅದರ ಮೇಲೆ ಆಫೀಸಿನ ವೈಫೈ ಬೇರೆ ತೆವಳ್ತಾ ಉಂಟು. ಎಂಥ ಮಾಡುದು ಸರ್?
— ಒಬ್ಬ ಓದುಗರು, ಕಾಪು

ಉತ್ತರ: ನೀವು ಇಷ್ಟು ವಿವರ ಬರ್ದದ್ದಕ್ಕೆ ಮೊದ್ಲು ಒಂದು ನಮಸ್ಕಾರ, ಹೆಚ್ಚಿನವರು 'ಸರ್ ಟಿವಿ ಬರುದಿಲ್ಲ' ಅಂತ ಒಂದೇ ಸಾಲು ಬರ್ದು ಬಿಡ್ತಾರೆ.

ಲೆಕ್ಕ ಮೊದ್ಲು. 36 ಟಿವಿಗೆ 8 ಎಂಬಿಪಿಎಸ್ ಅಂದ್ರೆ 288 ಎಂಬಿಪಿಎಸ್, ಅದೂ ಒಂದೇ ಚಿತ್ರದ 36 ಕಾಪಿ. ಮಲ್ಟಿಕಾಸ್ಟ್ ಆದ್ರೆ ರಸ್ತೆ ದಾಟುದು ಒಂದೇ ಕಾಪಿ, 8 ಎಂಬಿಪಿಎಸ್ ಅಷ್ಟೆ. ಹಾಗಾಗಿ ನೀವು ಹಿಡ್ದ ದಾರಿ ಸರಿಯೇ ಉಂಟು, ಅದರಲ್ಲಿ ಅನುಮಾನ ಬೇಡ.

ಆದ್ರೆ ಮಲ್ಟಿಕಾಸ್ಟ್ ರೌಟಿಂಗ್ ಅಂದ್ರೆ ಮಾಮೂಲಿ ರೌಟಿಂಗನ್ನು ತಿರುಗಿಸಿ ನೋಡಿದ ಹಾಗೆ. ಮಾಮೂಲಿಯಲ್ಲಿ ರೌಟರ್ ಕೇಳುದು 'ಈ ಪ್ಯಾಕೆಟ್ ಎಲ್ಲಿಗೆ ಹೋಗ್ಬೇಕು' ಅಂತ. ಇಲ್ಲಿ ಮೊದ್ಲು ಕೇಳುದು 'ನೀನು ಎಲ್ಲಿಂದ ಬಂದೆ' ಅಂತ. ಇದೊಂದು ತಲೆಗೆ ಹೋಗ್ದೆ ಕಮಾಂಡ್ ಎಷ್ಟು ಹೊಡೆದ್ರೂ ಮಂಡೆಬಿಸಿ ತಪ್ಪುದಿಲ್ಲ. ನಮ್ಮ ಪೇಪರಿನ ವ್ಯಾನ್ ನೋಡಿ. ಮಂಗಳೂರಲ್ಲಿ ಪ್ರಿಂಟಾದ ಪೇಪರ್ ಬೆಳಗಿನ ಜಾವ ಹೊರಡುವಾಗ ಮನೆಗೊಂದು ಗಾಡಿ ಅಂತ ಹೋಗುದಿಲ್ಲ, ಒಂದೇ ವ್ಯಾನು, ಮೂಲ್ಕಿಯಲ್ಲಿ ಒಂದು ಕಟ್ಟು ಇಳೀತದೆ, ಪಡುಬಿದ್ರಿಯಲ್ಲಿ ಒಂದು, ಕಾಪಲ್ಲಿ ಒಂದು, ಪೇಪರ್ ಹಾಕಿಸಿಕೊಳ್ಳುವವರೇ ಇಲ್ಲದ ಕಡೆ ವ್ಯಾನ್ ನಿಲ್ಲುದೇ ಇಲ್ಲ. ಮತ್ತೆ ಕಾಪು ಏಜೆಂಟಿಗೆ ಗೊತ್ತುಂಟು, ಮಂಗಳೂರಿನ ಕಟ್ಟು ಪಡುಬಿದ್ರಿ ಕಡೆಯಿಂದಲೇ ಬರ್ಬೇಕು ಅಂತ. ಅದೇ ಕಟ್ಟು ಉಡುಪಿ ಕಡೆಯಿಂದ ಬಂದ್ರೆ ಅವ ತಗೊಳ್ಳುದಿಲ್ಲ, ಯಾಕಂದ್ರೆ ಅದು ಒಂದು ಸುತ್ತು ಹಾಕಿ ಬಂದದ್ದು, ಅದನ್ನೂ ಹಂಚಿದ್ರೆ ಮನೆಗೆ ಎರಡೆರಡು ಪೇಪರ್ ಆಗ್ತದೆ, ಮತ್ತೆ ಅದು ಪುನಃ ಸುತ್ತು ಹೊಡೀತದೆ. ರೌಟರ್ ಮಾಡುವ ಈ ಚೆಕ್ಕಿಗೇ ಆರ್‌ಪಿಎಫ್ ಅಂತ ಹೆಸ್ರು, ರಿವರ್ಸ್ ಪಾತ್ ಫಾರ್ವರ್ಡಿಂಗ್.

ನಿಮ್ಮಲ್ಲಿ ಎಂಥ ಆಗಿದೆ ಅಂದ್ರೆ ಏಜೆಂಟ್ ಹಳೇ ರಸ್ತೆ ಬದಿ ಕಾಯ್ತಾ ಇದ್ದಾನೆ, ವ್ಯಾನ್ ಫೋರ್‌ಲೇನಲ್ಲಿ ಹೋಗ್ತದೆ. ಆ ಹಳೇ ಸ್ಟ್ಯಾಟಿಕ್ ರೂಟ್ ಉಂಟಲ್ಲ, ಅದು ಎನ್‌ಕೋಡರಿನ ನೆಟ್‌ವರ್ಕ್ ರೇಡಿಯೋ ಬದಿಯಲ್ಲಿದೆ ಅಂತ ಹೇಳ್ತದೆ. ಓಎಸ್‌ಪಿಎಫ್ ಫೈಬರ್ ಬದಿ ಅಂತ ಹೇಳಿದ್ರೂ ಸ್ಟ್ಯಾಟಿಕ್ಕಿನ ದರ್ಜೆ (ಯಾವ ರೂಟನ್ನು ಹೆಚ್ಚು ನಂಬುದು ಅನ್ನುವ ನಂಬರ್) 1, ಓಎಸ್‌ಪಿಎಫ್‌ದು 110, ಕಮ್ಮಿ ಇದ್ದದ್ದೇ ಗೆಲ್ಲುದು. ಹಾಗಾಗಿ ಆಚೆ ರೌಟರ್ ಸ್ಟ್ರೀಮಿಗಾಗಿ ರೇಡಿಯೋ ಪೋರ್ಟ್ ನೋಡ್ತದೆ, ಆ ಪೋರ್ಟಲ್ಲಿ ಪಿಮ್ ಇಲ್ಲ, ಯಾರ ಹತ್ರ ಕೇಳುದು ಅಂತ ಗೊತ್ತಾಗುದಿಲ್ಲ, ಅದಕ್ಕೇ ನಲ್ ಅಂತ ಬರುದು. ಪಿಂಗ್ ಮಾಡಿದ್ರೆ ಎಲ್ಲ ಸರಿ ಕಾಣ್ತದೆ, ಯಾಕಂದ್ರೆ ಪಿಂಗ್ ರೇಡಿಯೋದಲ್ಲೇ ಆರಾಮಾಗಿ ಹೋಗಿ ಬರ್ತದೆ. ಅಂದ್ರೆ ಇನ್ನೊಂದು ವಿಷಯ, ನೀವು ಅಷ್ಟು ದುಡ್ಡು ಕೊಟ್ಟು ಎಳ್ಸಿದ ಫೈಬರಲ್ಲಿ ಆಚೆಯಿಂದ ಬರುವ ಮಾಮೂಲಿ ಟ್ರಾಫಿಕ್ ಕೂಡ ಇಷ್ಟು ದಿನ ಹೋಗ್ತಿರ್ಲಿಲ್ಲ!

ಆಚೆ ರೌಟರಲ್ಲಿ 'ಶೋ ಐಪಿ ಆರ್‌ಪಿಎಫ್' ಬರ್ದು ಮುಂದೆ ಎನ್‌ಕೋಡರಿನ ವಿಳಾಸ ಹಾಕಿ ನೋಡಿ, ಯಾವ ಪೋರ್ಟ್, ಯಾವ ರೂಟಿನಿಂದ ಈ ತೀರ್ಮಾನ ಆಯ್ತು, ಎರಡೂ ಗೊತ್ತಾಗ್ತದೆ. ಆಮೇಲೆ ಆ ಸ್ಟ್ಯಾಟಿಕ್ ರೂಟ್ ಕಿತ್ತು ಹಾಕಿ. ಬ್ಯಾಕಪ್ಪಿಗೆ ಬೇಕೇಬೇಕು ಅಂತಾದ್ರೆ ದರ್ಜೆ 200 ಕೊಟ್ಟು ಇಟ್ಕೊಳ್ಳಿ. ಮತ್ತೆ ರೇಡಿಯೋ ಪೋರ್ಟಿಗೂ ಪಿಮ್ ಹಾಕಿ, ಇಲ್ಲದಿದ್ರೆ ಫೈಬರ್ ಕಟ್ಟಾದ ದಿನ ಪುನಃ ಇದೇ ಕಥೆ. ಜೆಸಿಬಿಯವ್ರು ರಸ್ತೆ ಬದಿ ಅಗೆಯುವ ಸ್ಪೀಡ್ ನೋಡಿದ್ರೆ ಆ ದಿನ ದೂರ ಇಲ್ಲ. 'ಐಪಿ ಎಂರೂಟ್' ಅಂತ ಒಂದು ಕಮಾಂಡ್ ಉಂಟು, ಮಲ್ಟಿಕಾಸ್ಟಿನ ಆರ್‌ಪಿಎಫ್‌ಗೆ ಮಾತ್ರ ಬೇರೆ ದಾರಿ ತೋರಿಸ್ಲಿಕ್ಕೆ, ಕೆಲವ್ರು ಅದನ್ನು ಹಾಕಿ ಕೈತೊಳ್ಕೊಳ್ತಾರೆ. ನನಗೆ ಅದು ಇಷ್ಟ ಇಲ್ಲ, ಎರಡು ವರ್ಷ ಬಿಟ್ಟು ಬಂದವರಿಗೆ ಅದು ಕಣ್ಣಿಗೇ ಬೀಳುದಿಲ್ಲ.

ಎರಡನೇ ರೋಗ ನಿಮ್ಮ ವಿಳಾಸ, 239.0.0.5. ನೋಡ್ಲಿಕ್ಕೆ ಎಂಥ ತೊಂದ್ರೆಯೂ ಇಲ್ಲ, 239 ಅಂದ್ರೆ ನಮ್ಮ ನಮ್ಮ ಕಂಪೌಂಡಿನ ಒಳಗೆ ಬಳಸ್ಲಿಕ್ಕೆ ಅಂತಲೇ ಬಿಟ್ಟದ್ದು. ಆದ್ರೆ ಸ್ವಿಚ್ಚಿಗೆ ಐಪಿ ವಿಳಾಸ ಅಲ್ಲ, ಮ್ಯಾಕ್ ವಿಳಾಸ (ಹಾರ್ಡ್‌ವೇರ್ ಮಟ್ಟದ ವಿಳಾಸ) ಮುಖ್ಯ. ಮಲ್ಟಿಕಾಸ್ಟ್ ಐಪಿಯಲ್ಲಿ ಗುಂಪಿನ ಗುರುತು 28 ಬಿಟ್, ಮ್ಯಾಕ್ ಒಳಗೆ ಹಿಡಿಯುದು 23 ಬಿಟ್ ಮಾತ್ರ, 5 ಬಿಟ್ ಬಿದ್ದುಹೋಗ್ತದೆ, ಹಾಗಾಗಿ 32 ಬೇರೆ ಬೇರೆ ಗುಂಪಿಗೆ ಒಂದೇ ಮ್ಯಾಕ್. ನಿಮ್ಮ 239.0.0.5 ಮತ್ತೆ ಓಎಸ್‌ಪಿಎಫ್ ಮಾತಾಡುವ 224.0.0.5, ಎರಡಕ್ಕೂ ಬರುವ ಮ್ಯಾಕ್ ಒಂದೇ. 224.0.0 ಇಂದ ಶುರುವಾಗುವ ಗುಂಪುಗಳು ರೌಟರ್‌ಗಳು ತಮ್ಮತಮ್ಮಲ್ಲಿ ಮಾತಾಡುವಂಥದ್ದು, ಅದನ್ನು ಸ್ನೂಪಿಂಗ್ (ಕೇಳಿದ ಪೋರ್ಟಿಗೆ ಮಾತ್ರ ಕಳಿಸುವ ಸೆಟ್ಟಿಂಗ್) ಇದ್ರೂ ಸ್ವಿಚ್ ತಡೆಯುದಿಲ್ಲ, ಎಲ್ಲ ಪೋರ್ಟಿಗೂ ಸುರೀತದೆ. ಮ್ಯಾಕ್ ನೋಡಿ ಕೆಲ್ಸ ಮಾಡುವ ಸ್ವಿಚ್ ಆದ್ರೆ ಅದರ ಜೊತೆ ನಿಮ್ಮ ಮದುವೆ ವಿಡಿಯೋ ಕೂಡ ಬಿಲ್ಲಿಂಗ್ ಕೌಂಟರಿಗೆ, ಪ್ರಿಂಟರಿಗೆ, ವೈಫೈ ಎಕ್ಸೆಸ್ ಪಾಯಿಂಟಿಗೆ ಎಲ್ಲ ಹೋಗ್ತದೆ. ವೈಫೈ ತೆವಳುದು ಅದಕ್ಕೇ, ಯಾಕೆ ಅಂತ ಮೂರನೇ ಪ್ರಶ್ನೆಯಲ್ಲಿ ಹೇಳ್ತೇನೆ. 239.10.10.5 ಅಂತ ಬದಲಿಸಿ. 239.0.0 ಮತ್ತೆ 239.128.0 ಇಂದ ಶುರುವಾಗುವ ವಿಳಾಸ ಯಾವತ್ತೂ ಬೇಡ, ಎರಡೂ ಅದೇ ಗುಂಡಿಗೆ ಬೀಳ್ತದೆ.

ಮೂರನೇದು ನೀವು ಬರ್ದಿಲ್ಲ, ಆದ್ರೂ ನೋಡಿ: ಟಿಟಿಎಲ್, ಅಂದ್ರೆ ಪ್ಯಾಕೆಟ್ ಎಷ್ಟು ರೌಟರ್ ದಾಟ್ಬಹುದು ಅನ್ನುವ ಲೆಕ್ಕ. ಮಲ್ಟಿಕಾಸ್ಟ್ ಪ್ಯಾಕೆಟಿಗೆ ಬೇರೆ ಎಂಥದ್ದೂ ಹೇಳದಿದ್ರೆ ಕಂಪ್ಯೂಟರ್ ಹಾಕುವ ಟಿಟಿಎಲ್ 1. ಮೊದಲ ರೌಟರ್ ಒಂದು ಕಳೆದ್ರೆ ಸೊನ್ನೆ, ಪ್ಯಾಕೆಟ್ ಅಲ್ಲೇ ಸತ್ತಿತು. ಒಂದೇ ಸ್ವಿಚ್ಚಲ್ಲಿ ಬರ್ತದೆ, ರೌಟರ್ ದಾಟುದಿಲ್ಲ ಅನ್ನುವ ದೂರಿಗೆ ನಾನು ನೋಡಿದಷ್ಟರಲ್ಲಿ ಇದೇ ದೊಡ್ಡ ಕಾರಣ. ನನ್ನದೇ ಕಥೆ ಹೇಳ್ತೇನೆ, ಸುರತ್ಕಲ್ ಹತ್ರ ಒಂದು ಹಾಲಲ್ಲಿ ಮದುವೆ ಹಿಂದಿನ ದಿನ ರಾತ್ರಿ 2 ಗಂಟೆವರೆಗೆ ಕೂತು ಎರಡೂ ರೌಟರ್ ಕಾನ್ಫಿಗ್ ಅಳಿಸಿ ಪುನಃ ಬರ್ದಿದ್ದೇನೆ, ಅಡುಗೆಯವ್ರು ತೆಂಗಿನಕಾಯಿ ತುರಿಯುವ ಶಬ್ದ ಒಂದು ಕಡೆ, ಸೊಳ್ಳೆ ಒಂದು ಕಡೆ, ಕೊನೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ ವೈರ್‌ಶಾರ್ಕಲ್ಲಿ (ಪ್ಯಾಕೆಟ್ ಬಿಡಿಸಿ ತೋರಿಸುವ ಸಾಫ್ಟ್‌ವೇರ್) ನೋಡಿದ್ರೆ ಟಿಟಿಎಲ್ 1! ಎನ್‌ಕೋಡರ್ ಪುಟದಲ್ಲಿ ಒಂದು ಮೂಲೆಯಲ್ಲಿ ಆ ಸೆಟ್ಟಿಂಗ್ ಇತ್ತು, 16 ಮಾಡಿದೆ, ಟಿವಿ ಬಂತು. ಆಮೇಲೆ ಮಾಲೀಕರಿಗೆ ಎಂಥ ಪ್ರಾಬ್ಲಮ್ ಅಂತ ಹೇಳ್ಲಿಕ್ಕೂ ನಾಚಿಕೆ. ಸಿಸ್ಕೋದಲ್ಲಿ 'ಶೋ ಐಪಿ ಟ್ರಾಫಿಕ್' ಹೊಡೆದ್ರೆ 'ಬ್ಯಾಡ್ ಹಾಪ್ ಕೌಂಟ್' ಅಂತ ಒಂದು ಲೆಕ್ಕ ಬರ್ತದೆ, ಸ್ಟ್ರೀಮ್ ಓಡ್ತಿರುವಾಗ ಅದು ಸರಸರ ಏರ್ತಾ ಇದ್ರೆ ಟಿಟಿಎಲ್ ಅಂತಲೇ ಲೆಕ್ಕ.

ಇನ್ನು ಕಾನ್ಫಿಗ್. ಎರಡೂ ರೌಟರಲ್ಲಿ 'ಐಪಿ ಮಲ್ಟಿಕಾಸ್ಟ್-ರೌಟಿಂಗ್', ಕೆಲವು ಮಾಡೆಲಲ್ಲಿ ಕೊನೆಗೆ 'ಡಿಸ್ಟ್ರಿಬ್ಯೂಟೆಡ್' ಅಂತಲೂ ಕೇಳ್ತದೆ. ಮತ್ತೆ ಎನ್‌ಕೋಡರ್ ಇರುವ ವಿಲಾನ್ (ಸ್ವಿಚ್ಚೊಳಗೆ ಬೇರೆ ಮಾಡಿದ ನೆಟ್‌ವರ್ಕ್), ಟಿವಿ ಇರುವ ವಿಲಾನ್, ನಡುವಿನ ಎರಡೂ ಲಿಂಕು, ಆರ್‌ಪಿಯ (ಅದೆಂಥ ಅಂತ ಕೆಳಗೆ ಹೇಳ್ತೇನೆ) ಲೂಪ್‌ಬ್ಯಾಕ್, ಅಂದ್ರೆ ರೌಟರ್ ಒಳಗಿನ ಕಾಲ್ಪನಿಕ ಪೋರ್ಟ್, ಇಷ್ಟಕ್ಕೂ 'ಐಪಿ ಪಿಮ್ ಸ್ಪಾರ್ಸ್-ಮೋಡ್'. ಟಿವಿ ಬದಿ ವಿಲಾನಿಗೆ ರೌಟರೇ ಇಲ್ಲ ಅಲ್ವಾ ಪಿಮ್ ಯಾಕೆ ಅಂತ ಕೇಳ್ಬೇಡಿ, ಸಿಸ್ಕೋದಲ್ಲಿ ಪಿಮ್ ಹಾಕಿದ್ರೇನೇ ಆ ಪೋರ್ಟಲ್ಲಿ ಐಜಿಎಂಪಿ ಶುರುವಾಗುದು, ಐಜಿಎಂಪಿ ಇಲ್ಲದಿದ್ರೆ ಟಿವಿ 'ನನಗೆ ಬೇಕು' ಅಂತ ಕೂಗಿದ್ದು ಯಾರಿಗೂ ಕೇಳುದಿಲ್ಲ.

ಆರ್‌ಪಿ (ರಾಂಡೆವೂ ಪಾಯಿಂಟ್) ಅಂದ್ರೆ ಬೇಕು ಅನ್ನುವವರೂ ಕೊಡುವವರೂ ಮೊದಲ ಸಲ ಭೇಟಿಯಾಗುವ ಜಾಗ. ಟಿವಿ ಬದಿ ರೌಟರಿಗೆ ಸ್ಟ್ರೀಮ್ ಎಲ್ಲಿಂದ ಹುಟ್ತದೆ ಅಂತ ಶುರುವಿಗೆ ಗೊತ್ತಿರುದಿಲ್ಲ, ಆರ್‌ಪಿ ಕಡೆಗೆ ಕೇಳ್ತದೆ. ಎನ್‌ಕೋಡರ್ ಬದಿ ರೌಟರ್ ಸ್ಟ್ರೀಮ್ ಶುರುವಾದ ಕೂಡ್ಲೇ ಆರ್‌ಪಿಗೆ ತಿಳಿಸ್ತದೆ. ಒಮ್ಮೆ ಗೊತ್ತಾದ ಮೇಲೆ ಟಿವಿ ಬದಿಯದು ಸೀದಾ ಎನ್‌ಕೋಡರ್ ಕಡೆಗೇ ಹತ್ತಿರದ ದಾರಿ ಹಿಡೀತದೆ, ಸಿಸ್ಕೋದಲ್ಲಿ ಮೊದಲ ಪ್ಯಾಕೆಟಿಗೇ ಹಿಡೀತದೆ. ನಿಮ್ಮಲ್ಲಿ ಸ್ಟೇಜ್ ಬದಿ ರೌಟರನ್ನೇ ಆರ್‌ಪಿ ಮಾಡಿ, ಲೂಪ್‌ಬ್ಯಾಕಿಗೆ 10.255.0.1 ಕೊಟ್ಟು ಅದನ್ನು ಓಎಸ್‌ಪಿಎಫ್ ಒಳಗೂ ಸೇರಿಸಿ, ಎರಡೂ ರೌಟರಲ್ಲಿ 'ಐಪಿ ಪಿಮ್ ಆರ್‌ಪಿ-ಅಡ್ರೆಸ್ 10.255.0.1' ಅಂತ ಒಂದೇ ರೀತಿ ಬರೀರಿ. ಒಂದು ಕಡೆ ಮರೆತ್ರೂ ಆಗುದಿಲ್ಲ. ಆರ್‌ಪಿಎಫ್ ಚೆಕ್ಕು ಈ ಆರ್‌ಪಿ ವಿಳಾಸಕ್ಕೂ ನಡೀತದೆ, ಹಾಗಾಗಿ 'ಶೋ ಐಪಿ ಆರ್‌ಪಿಎಫ್' ಎರಡು ಸಲ ನೋಡಿ, ಎನ್‌ಕೋಡರಿಗೆ ಒಮ್ಮೆ, ಆರ್‌ಪಿಗೆ ಒಮ್ಮೆ. ಆರ್‌ಪಿ ಯಾರು ಅಂತ ರೌಟರ್‌ಗಳೇ ತಿಳ್ಕೊಳ್ಳುವ ಆಟೋ-ಆರ್‌ಪಿ, ಬಿಎಸ್‌ಆರ್ ಅಂತ ಇನ್ನೂ ಉಂಟು, ಎರಡು ರೌಟರಿಗೆ ಅದೆಲ್ಲ ಸುಮ್ನೆ ದಂಡ. ಡೆನ್ಸ್ ಮೋಡ್ ಹಾಕಿದ್ರೆ ಆರ್‌ಪಿಯೇ ಬೇಡ ಅಂತ ಯಾರಾದ್ರೂ ಹೇಳ್ತಾರೆ, ಹೌದು ಬೇಡ, ಆದ್ರೆ ಅದು ಮೊದ್ಲು ಎಲ್ಲ ಕಡೆ ಸುರಿದು ಆಮೇಲೆ 'ಬೇಡ' ಅಂದವ್ರಿಗೆ ನಿಲ್ಲಿಸುವ ಜಾತಿ. ನಿಮ್ಮ ಟಿವಿ ಬಾಕ್ಸ್ ಐಜಿಎಂಪಿ ಮೂರನೇ ಆವೃತ್ತಿಯಲ್ಲಿ ಇಂಥ ಎನ್‌ಕೋಡರಿನದ್ದೇ ಬೇಕು ಅಂತ ಕೇಳುವಂಥದ್ದಾದ್ರೆ ಎಸ್‌ಎಸ್‌ಎಂ ಹಾಕ್ಬಹುದು, ಗುಂಪಿನ ವಿಳಾಸ 232 ಇಂದ ಶುರು ಮಾಡಿದ್ರಾಯ್ತು, ಆರ್‌ಪಿ ರಗಳೆಯೇ ಇಲ್ಲ. ಕಮ್ಮಿ ರೇಟಿನ ಬಾಕ್ಸುಗಳು ಹೆಚ್ಚಿನವು ಹಾಗೆ ಕೇಳುದಿಲ್ಲ, ಅದೇ ಬೇಜಾರು.

ಚೆಕ್ ಮಾಡುವಾಗ ಎನ್‌ಕೋಡರಿಂದ ಶುರು ಮಾಡ್ಬೇಡಿ, ಟಿವಿಯಿಂದ ಹಿಂದೆ ಹಿಂದೆ ಬನ್ನಿ. ಟಿವಿ ಬದಿ ರೌಟರಲ್ಲಿ 'ಶೋ ಐಪಿ ಐಜಿಎಂಪಿ ಗ್ರೂಪ್ಸ್' ಹೊಡೆದಾಗ 239.10.10.5 ಇಲ್ಲ ಅಂದ್ರೆ ತೊಂದ್ರೆ ಟಿವಿ ಮತ್ತೆ ಸ್ವಿಚ್ ನಡುವೆ, ರೌಟಿಂಗ್ ಮುಟ್ಟುದೇ ಬೇಡ. ಇದ್ರೆ 'ಶೋ ಐಪಿ ಪಿಮ್ ನೇಬರ್', ಆಚೆ ರೌಟರ್ ಕಾಣ್ಬೇಕು, ಕಾಣದಿದ್ರೆ ಪಿಮ್ ಹಾಕಿಲ್ಲ ಅಥವಾ ಎಲ್ಲೋ ಫಿಲ್ಟರು ಪ್ರೋಟೋಕಾಲ್ ನಂಬರ್ 103 ತಡೀತಾ ಉಂಟು. ಅದೂ ಸರಿ ಇದ್ರೆ ಆರ್‌ಪಿಎಫ್. ಅದೂ ಸರಿ ಇದ್ರೆ 'ಶೋ ಐಪಿ ಎಂರೂಟ್ 239.10.10.5', ಒಳಬರುವ ಪೋರ್ಟು ಫೈಬರ್, ಹೊರಹೋಗುವ ಪಟ್ಟಿಯಲ್ಲಿ ಟಿವಿ ವಿಲಾನ್ ಇರ್ಬೇಕು. ಒಂದು ಮಾತು, ಆರ್‌ಪಿ ಆಗಿರುವ ರೌಟರಲ್ಲಿ ನಕ್ಷತ್ರ ಚಿಹ್ನೆ ಇರುವ ಸಾಲಿಗೆ ಒಳಬರುವ ಪೋರ್ಟ್ ನಲ್ ಅಂತಲೇ ಬರ್ತದೆ, ಅದು ರೋಗ ಅಲ್ಲ, ಅದನ್ನು ಸರಿ ಮಾಡ್ಲಿಕ್ಕೆ ಹೋಗ್ಬೇಡಿ!

ಪ್ರಶ್ನೆ: ನಮ್ಮ ಲಾಡ್ಜಲ್ಲಿ ರೌಟರ್ ದಾಟುವ ಕೆಲ್ಸ ಇಲ್ಲ, ಎಲ್ಲ ಟಿವಿ ಒಂದೇ ವಿಲಾನ್. ಸ್ವಿಚ್ಚಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಮಾಡಿದ್ರೆ ಎಲ್ಲ ಟಿವಿ ಸರಿಯಾಗಿ ಬರ್ತದೆ, ಸುಮಾರು ನಾಲ್ಕು ನಿಮಿಷ ಬಿಟ್ಟು ಒಟ್ಟಿಗೆ ನಿಲ್ತದೆ. ಚಾನೆಲ್ ಬದಲಿಸಿದ್ರೆ ಪುನಃ ನಾಲ್ಕು ನಿಮಿಷ. ಸ್ನೂಪಿಂಗ್ ಆಫ್ ಮಾಡಿದ್ರೆ ಸರಿ ಆಗ್ತದೆ ಅಂತ ಒಬ್ರು ಹೇಳಿದ್ರು. ಸ್ವಿಚ್ ಹಾಳಾಗಿದೆಯಾ?
— ಒಬ್ಬ ಓದುಗರು, ಹಂಪನಕಟ್ಟೆ, ಮಂಗಳೂರು

ಉತ್ತರ: ಹಾಳಾಗಿಲ್ಲ. ನೀವು ಕೊಟ್ಟ ನಾಲ್ಕು ನಿಮಿಷವೇ ಉತ್ತರ. ಸ್ನೂಪಿಂಗ್ ಮಾಡುವ ಸ್ವಿಚ್, ಯಾವ ಪೋರ್ಟಿಂದ 'ಬೇಕು' ಅಂತ ಬಂತು ಅಂತ ಬರ್ದಿಡ್ತದೆ, ಆದ್ರೆ ಆ ಬರಹ 260 ಸೆಕೆಂಡಿಗೆ ಅಳಿಸಿ ಹೋಗ್ತದೆ. ಅಳಿಸದೆ ಇರ್ಬೇಕಾದ್ರೆ 125 ಸೆಕೆಂಡಿಗೊಮ್ಮೆ ಯಾರಾದ್ರೂ 'ಇನ್ನೂ ಬೇಕಾ?' ಅಂತ ಕೇಳ್ತಾ ಇರ್ಬೇಕು, ಟಿವಿಗಳು 10 ಸೆಕೆಂಡ್ ಒಳಗೆ 'ಬೇಕು' ಅನ್ಬೇಕು. ಎರಡು ಸಲದ 125, ಮೇಲೆ 10, ಅದೇ 260. ಹೀಗೆ ಕೇಳುವವನಿಗೆ ಕ್ವೆರಿಯರ್ ಅಂತ ಹೇಳುದು, ಮಾಮೂಲಾಗಿ ಮಲ್ಟಿಕಾಸ್ಟ್ ರೌಟರ್ ಅದನ್ನು ಮಾಡ್ತದೆ, ನಿಮ್ಮಲ್ಲಿ ಅದಿಲ್ಲ. ಸ್ವಿಚ್ಚಲ್ಲೇ 'ಸ್ನೂಪಿಂಗ್ ಕ್ವೆರಿಯರ್' ಅಂತ ಒಂದು ಟಿಕ್ ಇರ್ತದೆ, ಒಂದೇ ಒಂದು ಸ್ವಿಚ್ಚಲ್ಲಿ ಹಾಕಿ, ಆ ವಿಲಾನಿನ ಒಂದು ಐಪಿ ಕೊಡಿ. ಸ್ನೂಪಿಂಗ್ ಆಫ್ ಮಾಡಿದ್ರೆ ಸರಿ ಆಗ್ತದೆ ಅಂತ ಯಾರೋ ನಿಮಗೆ ಹೇಳಿದ್ದಾರೆ ಅಂತ ಬರ್ದಿದ್ದೀರಿ, ಆಗ್ತದೆ, ಆದ್ರೆ ಎಲ್ಲ ಚಾನೆಲ್ ಎಲ್ಲ ಪೋರ್ಟಿಗೂ ಹೋಗ್ತದೆ, ಮತ್ತೆ ಮಲ್ಟಿಕಾಸ್ಟ್ ಮಾಡಿ ಎಂಥ ಪ್ರಯೋಜನ?

ಪ್ರಶ್ನೆ: ಪಿಜಿಯಲ್ಲಿ 60 ಹುಡುಗರು, ಮ್ಯಾಚ್ ಇದ್ದ ದಿನ ವೈಫೈಯಲ್ಲಿ ಎಲ್ಲರ ಮೊಬೈಲಿಗೆ ಮಲ್ಟಿಕಾಸ್ಟ್ ಕೊಟ್ಟೆ. ಕೇಬಲ್ ಹಾಕಿದ ಲ್ಯಾಪ್‌ಟಾಪಲ್ಲಿ ಕ್ಲಿಯರ್, ಮೊಬೈಲಲ್ಲಿ ಚೌಕ ಚೌಕ. ಯಾಕೆ?
— ಒಬ್ಬ ಓದುಗರು, ಮಣಿಪಾಲ

ಉತ್ತರ: ವೈಫೈ ಮಲ್ಟಿಕಾಸ್ಟಿಗೆ ಆಗಿಬರುದಿಲ್ಲ. ಒಬ್ಬನಿಗೆ ಕಳಿಸುವಾಗ ಎಕ್ಸೆಸ್ ಪಾಯಿಂಟ್ 'ಸಿಕ್ಕಿತು' ಅಂತ ಉತ್ತರ ಬರುವವರೆಗೆ ಪುನಃ ಕಳಿಸ್ತದೆ, ಗುಂಪಿಗೆ ಕಳಿಸುವಾಗ ಆ ಉತ್ತರವೇ ಇಲ್ಲ, ಹೋದದ್ದು ಹೋಯ್ತು. ಮತ್ತೆ ಮೂಲೆಯಲ್ಲಿ ಕೂತವನಿಗೂ ಕೇಳ್ಬೇಕು ಅಂತ ಗುಂಪಿನ ಮಾತನ್ನು ತೀರಾ ನಿಧಾನದ ವೇಗದಲ್ಲಿ ಕಳಿಸ್ತದೆ, ಹಳೇ 2.4 ಗಿಗಾಹರ್ಟ್ಸ್ ಸೆಟ್ಟಿಂಗಲ್ಲಿ ಅದು 1 ಎಂಬಿಪಿಎಸ್ ಕೂಡ ಇರ್ಬಹುದು. 8 ಎಂಬಿಪಿಎಸ್ ಚಿತ್ರ 1 ಎಂಬಿಪಿಎಸ್ ಒಳಗೆ ಹೇಗೆ ಹಿಡಿಯುದು? ಹಿಡಿಯುದಿಲ್ಲ, ಉಳಿದವರ ವಾಟ್ಸಾಪ್ ಕೂಡ ಅದರ ಜೊತೆ ಮುಳುಗ್ತದೆ. ಕಾಪುವಿನವರ ಆಫೀಸಲ್ಲಿ ಆದದ್ದೂ ಇದೇ. ಎಕ್ಸೆಸ್ ಪಾಯಿಂಟಲ್ಲಿ ಮಲ್ಟಿಕಾಸ್ಟ್ ಟು ಯೂನಿಕಾಸ್ಟ್ ಅಂತ ಇದ್ರೆ ಆನ್ ಮಾಡಿ, ಐದಾರು ಮೊಬೈಲಿಗೆ ಅಡ್ಡಿಯಿಲ್ಲ. 60ಕ್ಕೆ ಆಗುದಿಲ್ಲ. ನನ್ನ ಕೇಳಿದ್ರೆ ಹಾಲಲ್ಲಿ ಒಂದು ದೊಡ್ಡ ಟಿವಿ ಇಟ್ಟು ಕೇಬಲ್ ಎಳೀರಿ, ಮ್ಯಾಚ್ ಒಟ್ಟಿಗೆ ಕೂತು ನೋಡುದೇ ಗಮ್ಮತ್ತು.

ಪ್ರಶ್ನೆ: ನನ್ನಲ್ಲಿ ಒಂದೇ ಮೈಕ್ರೋಟಿಕ್ ರೌಟರ್, ಒಂದು ಬದಿಯಿಂದ ಟಿವಿ ಸ್ಟ್ರೀಮ್ ಬರ್ತದೆ, ಇನ್ನೊಂದು ಬದಿಯಲ್ಲಿ ಮೂರು ವಿಲಾನ್. ಪಿಮ್ ಬೇಕಾ, ಐಜಿಎಂಪಿ ಪ್ರಾಕ್ಸಿ ಸಾಕಾ? ಪ್ರಾಕ್ಸಿ ಹಾಕಿ ನೋಡಿದೆ, ಬರ್ಲಿಲ್ಲ.
— ಒಬ್ಬ ಓದುಗರು, ಬ್ರಹ್ಮಾವರ

ಉತ್ತರ: ಪ್ರಾಕ್ಸಿ ಧಾರಾಳ ಸಾಕು. ಬರುವ ದಾರಿ ಒಂದೇ ಇದ್ದಲ್ಲಿ ಪಿಮ್ ಯಾಕೆ? ಪ್ರಾಕ್ಸಿ ಕೆಳಗಿನವರು ಕೇಳಿದ್ದನ್ನು ಮೇಲಕ್ಕೆ ದಾಟಿಸ್ತದೆ, ಅಷ್ಟೇ ಅದರ ಕೆಲ್ಸ. ಬರ್ಲಿಲ್ಲ ಅಂದ್ರೆ ಬಹುಶಃ ಅಪ್‌ಸ್ಟ್ರೀಮ್ ಪೋರ್ಟಲ್ಲಿ 'ಆಲ್ಟರ್ನೇಟಿವ್ ಸಬ್‌ನೆಟ್ಸ್' ಖಾಲಿ ಬಿಟ್ಟಿದ್ದೀರಿ. ಸ್ಟ್ರೀಮ್ ಕಳಿಸುವ ಸರ್ವರ್ ಬೇರೆ ನೆಟ್‌ವರ್ಕಲ್ಲಿದ್ರೆ ಪ್ರಾಕ್ಸಿ ಅದನ್ನು ನಂಬುದಿಲ್ಲ, ಅಲ್ಲೂ ಅದೇ 'ಎಲ್ಲಿಂದ ಬಂದೆ' ಪ್ರಶ್ನೆ. ಸರ್ವರಿನ ನೆಟ್‌ವರ್ಕ್ ಅಲ್ಲಿ ಬರೀರಿ. ಫೈರ್‌ವಾಲಲ್ಲಿ ಇನ್‌ಪುಟ್‌ಗೆ ಐಜಿಎಂಪಿ ಬಿಡಿ, ಫಾರ್ವರ್ಡಿಗೆ ಆ ಗುಂಪಿನ ಯುಡಿಪಿ ಬಿಡಿ. ಲಿನಕ್ಸ್ ಡಬ್ಬ ಇಟ್ಟು ಇದೇ ಕೆಲ್ಸ ಮಾಡುವವರು 'ಆರ್‌ಪಿ ಫಿಲ್ಟರ್' (ಇಲ್ಲಿ ಆರ್‌ಪಿ ಅಂದ್ರೆ ರಿವರ್ಸ್ ಪಾತ್) ಸೆಟ್ಟಿಂಗ್ ಕೂಡ ನೋಡಿ, ಒಂದು ಶಬ್ದವೂ ಹೇಳದೆ ಪ್ಯಾಕೆಟ್ ನುಂಗ್ತದೆ ಅದು.

ಪ್ರಶ್ನೆ: ಮಲ್ಟಿಕಾಸ್ಟ್ ಇಷ್ಟು ಒಳ್ಳೇದಾದ್ರೆ ನಮ್ಮ ಊರಿನ ನೇಮ ಮುಂಬೈಯಲ್ಲಿರುವ ಕುಟುಂಬದವರಿಗೆಲ್ಲ ಇಂಟರ್ನೆಟ್ಟಲ್ಲಿ ಹೀಗೇ ಕಳಿಸ್ಬಹುದಲ್ವಾ?
— ಒಬ್ಬ ಓದುಗರು, ಪಡುಬಿದ್ರಿ

ಉತ್ತರ: ಆಸೆ ಹಳೇದು. ಸ್ಟೀವ್ ಡೀರಿಂಗ್ ಅನ್ನುವವರು ಐಪಿ ಮಲ್ಟಿಕಾಸ್ಟಿನ ನಿಯಮ ಬರ್ದದ್ದು 1989ರಲ್ಲಿ, 1992ರಲ್ಲಿ ಎಂಬೋನ್ ಅಂತ ಒಂದು ಮಲ್ಟಿಕಾಸ್ಟ್ ಜಾಲ ಕಟ್ಟಿ ಸ್ಯಾನ್ ಡಿಯಾಗೋದಲ್ಲಿ ನಡೆದ ಇಂಟರ್ನೆಟ್ ನಿಯಮ ಮಾಡುವವರ ಸಭೆಯ ಆಡಿಯೋ ಇಂಟರ್ನೆಟ್ಟಲ್ಲಿ ಹಾಗೇ ಹರ್ಸಿದ್ರು. ಆದ್ರೆ ಈಗ ಮನೆಗೆ ಬರುವ ಇಂಟರ್ನೆಟ್ಟಲ್ಲಿ ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ನಿಮ್ಮ ಮಲ್ಟಿಕಾಸ್ಟ್ ದಾಟುದಿಲ್ಲ, 239 ಅಂತೂ ಕಂಪೌಂಡ್ ಬಿಟ್ಟು ಹೊರಗೆ ಹೋಗ್ಲಿಕ್ಕೇ ಇಲ್ಲ. ಯೂಟ್ಯೂಬ್ ಲೈವ್ ಮಾಡಿ, ಅದನ್ನೂ ದೈವಸ್ಥಾನದವರ ಒಪ್ಪಿಗೆ ಕೇಳಿದ ಮೇಲೆಯೇ, ಕ್ಯಾಮರಾ ವಿಷಯದಲ್ಲಿ ಎಲ್ಲ ಕಡೆ ಒಂದೇ ಅಭಿಪ್ರಾಯ ಇಲ್ಲ ನಿಮಗೂ ಗೊತ್ತುಂಟಲ್ಲ.

ಮಂಗಳೂರು ಮತ್ತೆ ಮುಂಬೈಯಲ್ಲಿ ನಿಮ್ಮದೇ ಎರಡು ಆಫೀಸ್ ಇದ್ದು ಎರಡೂ ಕಡೆ ರೌಟರ್ ನಿಮ್ಮ ಕೈಯಲ್ಲಿದ್ರೆ ಮಾತ್ರ ದಾರಿ ಉಂಟು, ನಡುವೆ ಜಿಆರ್‌ಇ ಟನೆಲ್ (ಇಂಟರ್ನೆಟ್ ಒಳಗೇ ಎರಡು ರೌಟರ್ ಸೇರಿಸುವ ಕೊಳವೆ) ಹಾಕಿ, ಟನೆಲ್ ಪೋರ್ಟಿಗೆ ಪಿಮ್ ಹಾಕಿ, ಸೋರ್ಸಿನ ರೂಟ್ ಕೂಡ ಟನೆಲ್ ಮೂಲಕವೇ ಹೋಗುವ ಹಾಗೆ ಮಾಡಿ, ಇಲ್ಲದಿದ್ರೆ ಕಾಪುವಿನವರ ನಲ್ ನಿಮಗೂ ಬರ್ತದೆ. ಬರೀ ಜಿಆರ್‌ಇಯಲ್ಲಿ ಗೌಪ್ಯತೆ ಇಲ್ಲ, ಅದರ ಮೇಲೆ ಐಪಿಸೆಕ್ ಹೊದಿಸಿ. ಟನೆಲ್ಲಲ್ಲಿ ಪ್ಯಾಕೆಟ್ ತುಂಡಾಗ್ತದಾ ಅಂತ ಹೆದ್ರಬೇಡಿ: ವಿಡಿಯೋದ 188 ಬೈಟಿನ ತುಂಡು ಏಳು ಸೇರಿ 1316, ಯುಡಿಪಿ ಮತ್ತೆ ಐಪಿ ತಲೆಬರಹ 28, ಜಿಆರ್‌ಇಯದ್ದು 24, ಒಟ್ಟು 1368. ಐಪಿಸೆಕ್ ಸೇರಿದ್ರೂ 1500 ಒಳಗೆ ಜಾಗ ಉಂಟು.